ಆಲೂಗಡ್ಡೆ ವಾರದ ಸಭೆ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಉರ್ವೆ ಪ್ರೂಲ್, ವಾಲ್ದೆಕ್ ಎಲ್ಮಿ ಬರೆದಿದ್ದ ಏಳು ಸಾಲುಗಳನ್ನು ಕಾರ್ನಾ ಊರಿನ ಜಾಲತಾಣದಿಂದ ತೆಗೆದುಹಾಕಿದಳು. ಅದು 2024ರ ಅಕ್ಟೋಬರ್ ಒಂಬತ್ತು. ಆ ಸಾಲುಗಳು ಅಲ್ಲಿ ಇದ್ದದ್ದು ಹದಿಮೂರು ತಾಸು. ಓದಿದವರು ನಲವತ್ತಾರು ಮಂದಿ. ಹೀಯುಮಾ ದ್ವೀಪದ ಆ ಊರಿನಲ್ಲಿ ಚಳಿಗಾಲ ಕಳೆಯುವವರೇ ನೂರಾ ಹನ್ನೆರಡು ಜನ.

ತೆಗೆದಾದ ಮೇಲೆ ಕಾಫಿಗೆ ನೀರಿಟ್ಟು ಫೋನ್ ಕೈಗೆತ್ತಿಕೊಂಡಳು. ಜಾಲತಾಣದ ಬರಹಗಳನ್ನು ನೋಡಿಕೊಳ್ಳುವವಳು ಅವಳೇ; ಇಪ್ಪತ್ತಮೂರು ವರ್ಷಗಳಿಂದ ಅವಳ ಪದ್ಧತಿ ಅದೇ. ಯಾರದಾದರೂ ಮಾತು ಗಡಿ ದಾಟಿತು ಎನಿಸಿದರೆ ತೆಗೆಯುವುದು, ಬರೆದವರಿಗೆ ಫೋನ್ ಮಾಡುವುದು, ಕಾಫಿಗೆ ಕರೆಯುವುದು. ಬಂದವರು ಎರಡು ಲೋಟ ಕುಡಿದು, ಊರ ಸುದ್ದಿಯನ್ನೆಲ್ಲ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ನಿಂತು "ಹೋಗ್ಲಿ ಬಿಡು" ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಹೀಗೆ ಅವಳು ತೆಗೆದದ್ದು ಒಟ್ಟು ಅರವತ್ತೊಂದು ಬರಹ. ನ್ಯಾಯಾಲಯದವರೆಗೆ ಒಂದೂ ಹೋಗಲಿಲ್ಲ.

"ವಾಲ್ದೆಕ್, ನಿಂದು ತೆಗೆದಿದೀನಿ. ಸೇಬಿನ ಕೇಕ್ ಒಲೆಯಲ್ಲಿದೆ, ಬಾ."

"ನೋಡ್ದೆ. ಕಾರಣ ಏನು?"

"ಬಾ ಅಂದೆನಲ್ಲ, ಕೂತು ಮಾತಾಡೋಣ."

"ಮಾತು ಬೇಡ, ಬರೆದು ಕಳಿಸು. ಈಗ ಕಾನೂನೇ ಹಾಗಂತೆ. ತೆಗೆದ್ರೆ ಯಾಕೆ ತೆಗೆದ್ರಿ ಅಂತ ಬರೆದು ಕೊಡ್ಬೇಕಂತೆ. ರೇಡಿಯೋದಲ್ಲಿ ಹೇಳಿದ್ರು."

"ನೀನ್ಯಾವಾಗಿಂದ ರೇಡಿಯೋ ನಂಬೋಕೆ ಶುರು ಮಾಡಿದೆ? ಹವಾಮಾನ ಹೇಳೋಕೆ ಬಂದ್ರೆ ಬೈದು ಆರಿಸ್ತಿದ್ದೆ."

"ಹವಾಮಾನ ಅವರೇ ಕಟ್ಟಿ ಹೇಳ್ತಾರೆ. ಕಾನೂನು ಓದಿ ಹೇಳ್ತಾರೆ."

"ಎಪ್ಪತ್ತೊಂಬತ್ತಕ್ಕೆ ವಕೀಲ ಆಗೋಕೆ ಹೊರಟೆಯಾ?"

ವಾಲ್ದೆಕ್ ದನಿಯಲ್ಲಿ ಸಿಟ್ಟಿಲ್ಲದೆ ಹೇಳಿದ: "ಉರ್ವೆ, ನೀನು ನಂಗೆ ಒಂಬತ್ತು ಸಲ ಹಿಂಗೆ ಫೋನ್ ಮಾಡಿದೀಯ. ಒಂಬತ್ತು ಸಲಾನೂ ಬಂದು, ಕಾಫಿ ಕುಡಿದು, ಬಾಯಿ ಮುಚ್ಕೊಂಡು ಹೋದೆ. ನಿನ್ನ ಕಾಫಿ ಚೆನ್ನಾಗಿರತ್ತೆ. ತೊಂದರೆ ಆಗಿದ್ದೇ ಅದ್ರಿಂದ."

ಫೋನ್ ಇಟ್ಟುಬಿಟ್ಟ.

ಅವಳು ತೆಗೆದ ಏಳು ಸಾಲು ಹೀಗಿದ್ದವು: "ನಮ್ಮ ದೋಣಿ ನಿಲ್ಲುತ್ತಿದ್ದ ಜೆಟ್ಟಿ ರಾಜಧಾನಿ ತಾಲ್ಲಿನ್‌ನವರ ಕೈಸೇರಿದ್ದು ಹೇಗೆ ಎಂದು ಎಳೆಯರು ಕೇಳುತ್ತಾರೆ. 1994ರ ಸೆಪ್ಟೆಂಬರ್‌ನಲ್ಲಿ ಊರ ಸಭೆ ಒಪ್ಪಿಗೆ ಕೊಟ್ಟಿತು ಎಂದು ಕಾಗದ ಹೇಳುತ್ತದೆ. ಆ ಸಭೆ ನಡೆಯಲೇ ಇಲ್ಲ. ಕಾಗದ ಕಳಿಸಿದವನು ಲೆಂಬಿತ್ ಪ್ರೂಲ್. ಲೆಂಬಿತ್ ನನ್ನ ಗೆಳೆಯ. ಈಗ ಜೆಟ್ಟಿಯ ಪಕ್ಕದ ದಂಡೆಯನ್ನೂ ಕೇಳುತ್ತಿದ್ದಾರೆ. ದ್ವೀಪದ ಮಂಡಳಿ ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಮತ ಹಾಕುತ್ತದೆ, ಅದಕ್ಕೆ ಮೊದಲು ಒಂದು ಸಭೆ, ಈ ಸಲ, ನಿಜವಾಗಿ ನಡೆಯಲಿ." ಕೆಳಗೆ ಪೂರ್ತಿ ಹೆಸರು ಹಾಕಿದ್ದ.

ಲೆಂಬಿತ್ ಉರ್ವೆಯ ಗಂಡ. ಹದಿನಾರು ವರ್ಷ ಊರಿನ ಹಿರಿಯನಾಗಿದ್ದವನು. ತೀರಿಕೊಂಡು ಎಂಟು ವರ್ಷವಾಗಿತ್ತು. ಹಬ್ಬಕ್ಕೆ ಊರೆಲ್ಲ ಸೇರಿ ಹಾಡುತ್ತ ತೂಗುವ ದೊಡ್ಡ ಉಯ್ಯಾಲೆಯನ್ನು ಅವನೇ ನಿಂತು ಕಟ್ಟಿಸಿದ್ದ. ಅದರ ಕಂಬಕ್ಕೆ ಅವನ ಹೆಸರಿನ ಫಲಕ ಹೊಡೆದಿದ್ದರು. ಹಬ್ಬದ ದಿನ ಯಾರಾದರೂ ಹಾಡು ಶುರು ಮಾಡುವ ಮೊದಲು ಆ ಫಲಕ ಮುಟ್ಟಿ "ಲೆಂಬಿತ್, ಕೇಳಿಸ್ಕೋ" ಎನ್ನುತ್ತಿದ್ದರು. ಉರ್ವೆಗೆ ಉಳಿದಿದ್ದ ಆಸ್ತಿ ಎಂದರೆ ಅದು. ನಲವತ್ತಾರು ಜನ ಓದಿದ್ದನ್ನು ಇನ್ನು ಅರವತ್ತು ಜನ ಓದಿದರೆ ಆ ಫಲಕವನ್ನು ಮುಟ್ಟುವವರು ಯಾರು?

ಕೇಕನ್ನು ಒಲೆಯಿಂದ ಇಳಿಸಿ, ಕೋಟು ಹಾಕಿಕೊಂಡು ಗ್ರಂಥಾಲಯಕ್ಕೆ ನಡೆದಳು. ಆರುನೂರು ಮೀಟರ್ ದಾರಿ. ಗ್ರಂಥಪಾಲಕಿಯಾಗಿದ್ದಾಗ ಮೂವತ್ತೊಂದು ವರ್ಷ ಕೆಲಸಕ್ಕೆಂದು ನಡೆದ ದಾರಿ ಅದು. ರಸ್ತೆಯ ತಿರುವಿನಲ್ಲಿ ಒಂದು ಖಾಲಿ ಕಂಬವಿದೆ. ಇಲ್ಲಿ ಇಂಟರ್ನೆಟ್ ಸಿಗುತ್ತದೆ ಎಂದು ಸಾರುವ ನೀಲಿ ಫಲಕವನ್ನು 2001ರ ವಸಂತದಲ್ಲಿ ಆ ಕಂಬಕ್ಕೆ ಹಾಕಿದ್ದರು. ಅಂದು ಲೆಂಬಿತ್ ಅದರ ಕೆಳಗೆ ನಿಂತು ಟೊಪ್ಪಿಗೆ ತೆಗೆದಿದ್ದ. "ರಸ್ತೆಗೆ ಡಾಂಬರು ಹಾಕೋಕೆ ಮೊದಲೇ ಪ್ರಪಂಚ ಬಂತಲ್ಲೇ!" ಎಂದಿದ್ದ.

ಇಡೀ ಊರಿಗೆ ಒಂದು ಕಂಪ್ಯೂಟರ್. ಫೋನ್ ತಂತಿಯ ಮೇಲೆ ಅದು ಕರಕರ ಎಂದು ಕೂಗಿಕೊಂಡು ಜೋಡಣೆಯಾಗುವವರೆಗೆ ಬೆಂಚಿನ ಮೇಲೆ ಕೂತವರೆಲ್ಲ ಮಾತು ನಿಲ್ಲಿಸುತ್ತಿದ್ದರು, ಇಗರ್ಜಿಯಲ್ಲಿ ನಿಲ್ಲಿಸಿದಂತೆ. ಬಲೆ ಬಿಡಿಸಿ ನೇರ ಬಂದವರ ಕೈಗವಸುಗಳು ಬಿಸಿನೀರ ಕೊಳವೆಯ ಮೇಲೆ ಸಾಲಾಗಿ ಒಣಗುತ್ತಿದ್ದವು. ಕೋಣೆಯ ತುಂಬ ಮೀನಿನ ವಾಸನೆ. ಟೈಪ್ ಮಾಡಲು ಬಾರದ ಮುದುಕರು ಹೇಳುತ್ತಿದ್ದರು, ಉರ್ವೆ ಬರೆಯುತ್ತಿದ್ದಳು. ಮೊಟ್ಟಮೊದಲ ಬರಹ ವಾಲ್ದೆಕ್‌ನದೇ. "ನನ್ನ ದೋಣಿಯ ಒಂದು ಹುಟ್ಟನ್ನು ಒಯ್ದವರು ಇನ್ನೊಂದನ್ನೂ ಒಯ್ಯಿರಿ. ಒಂದೇ ಹುಟ್ಟಿನಿಂದ ನನಗೂ ಉಪಯೋಗವಿಲ್ಲ, ನಿಮಗೂ ಇಲ್ಲ." ಮರುದಿನ ಬೆಳಿಗ್ಗೆ ಹುಟ್ಟು ದೋಣಿಯಲ್ಲಿತ್ತು. ಈ ಯಂತ್ರವೊಂದಿದ್ದರೆ ಇನ್ನು ಯಾರೂ ಯಾರಿಗೂ ಮೋಸ ಮಾಡಲಾರರು ಎಂದು ಆ ವಸಂತದಲ್ಲಿ ಅವರೆಲ್ಲ ನಂಬಿದ್ದರು. ಉರ್ವೆ ಈಗಲೂ ಆ ನಂಬಿಕೆಯನ್ನು ನೆನೆದರೆ ನಗುವುದಿಲ್ಲ.

ಈಗಿನ ಗ್ರಂಥಪಾಲಕಿ ಕೆರ್ಟು. ಮೂವತ್ತೆರಡರ ಹೆಂಗಸು, ಉರ್ವೆಯ ಮಡಿಲಲ್ಲಿ ಕೂತು ಅಕ್ಷರ ಕಲಿತವಳು. ಜಾಲತಾಣದ ಯಂತ್ರದ ಕೆಲಸವೆಲ್ಲ ಅವಳದು.

"ಬರ್ತೀರಿ ಅಂತ ಗೊತ್ತಿತ್ತು ಉರ್ವೆ ಅತ್ತೆ," ಎಂದಳು. "ವಾಲ್ದೆಕ್ ಆಗಲೇ ಎರಡು ಸಲ ಬರೆದು ಕೇಳಿದಾನೆ. ಫೋನಲ್ಲಿ ಒಂದೇ ಬೆರಳಲ್ಲಿ ಬರೀತಾನೆ ಪಾಪ, ಅರ್ಧ ಗಂಟೆ ಹಿಡಿದಿರತ್ತೆ."

"ಕಾರಣ ಬರೆಯೋ ಆ ಫಾರಂ ಎಲ್ಲಿ, ತೋರ್ಸು. ಒಂದು ಸಾಲು ಬರೆದು ಬಿಸಾಕ್ತೀನಿ."

ಕೆರ್ಟು ಪರದೆ ತಿರುಗಿಸಿದಳು. ಖಾನೆಗಳು ಎರಡೇ. ದೇಶದ ಕಾನೂನಿಗೆ ವಿರುದ್ಧ. ಅಥವಾ ನಮ್ಮ ನಿಯಮಕ್ಕೆ ವಿರುದ್ಧ. ಯಾವ ನಿಯಮ, ಹೇಗೆ ವಿರುದ್ಧ ಎಂಬುದನ್ನು ಬರೆಯಬೇಕು. ಕೊನೆಯಲ್ಲಿ, ಒಪ್ಪಿಗೆಯಿಲ್ಲದಿದ್ದರೆ ಎಲ್ಲಿ ದೂರಬಹುದು ಎಂಬ ಸಾಲು ತಾನಾಗಿ ಸೇರಿಕೊಳ್ಳುತ್ತದೆ.

"ಬ್ರಸೆಲ್ಸ್‌ನಲ್ಲಿ ಕೂತವರಿಗೆ ಕಾರ್ನಾ ಅಂತ ಒಂದು ಊರಿದೆ ಅಂತಾನೂ ಗೊತ್ತಿಲ್ಲ," ಎಂದಳು ಉರ್ವೆ. "ದೊಡ್ಡ ದೊಡ್ಡ ಕಂಪನಿಗಳ ಮೂಗು ಹಿಡಿಯೋಕೆ ಮಾಡಿದ ಕಾನೂನು ಇದು. ನಮಗ್ಯಾಕೆ?"

"ದೊಡ್ಡವರಿಗೆ ಇನ್ನೂ ಇಷ್ಟುದ್ದ ಇದೆ. ನಮಗೆ ಸಣ್ಣವರು ಅಂತ ಬಹಳಷ್ಟು ಬಿಟ್ಟಿದಾರೆ. ಇದೊಂದು ಮಾತ್ರ ಎಲ್ಲರಿಗೂ."

"ನಾನು ಫೋನ್ ಮಾಡಿ ಹೇಳ್ತಿದ್ದೆ. ಮುಖ ನೋಡಿ ಹೇಳ್ತಿದ್ದೆ. ಅದಕ್ಕಿಂತ ಇನ್ನೇನು ಬೇಕು?"

"ಅದು ಚೆನ್ನಾಗಿತ್ತು ಅತ್ತೆ. ನಂಗೂ ಆ ಕಾಲ ಇಷ್ಟ." ಕೆರ್ಟು ಕುರ್ಚಿ ಎಳೆದುಕೊಟ್ಟಳು. "ಬರೀರಿ."

ಜಾಲತಾಣದ ನಿಯಮಗಳು ಮೂರು. ಲೆಂಬಿತ್ ತನ್ನ ಕೈಯಾರೆ ಬರೆದ ಹಾಳೆ ಗಾಜಿನ ಹಿಂದೆ ಗೋಡೆಯ ಮೇಲಿತ್ತು. ಒಂದು, ಬೈಗುಳ ಬೇಡ. ಎರಡು, ವ್ಯಾಪಾರದ ಜಾಹೀರಾತು ಬೇಡ. ಮೂರು, ಒಬ್ಬರ ಮೇಲೆ ಆಪಾದನೆ ಮಾಡುವವರು ತಮ್ಮ ಹೆಸರು ಹಾಕಿ. ಆಪಾದನೆ ಸುಳ್ಳಾದರೆ ತೆಗೆಯುತ್ತೇವೆ.

ಉರ್ವೆ ಬರೆದಳು: "ಸತ್ತವರು ಉತ್ತರ ಕೊಡಲಾರರು. ಆದ್ದರಿಂದ..."

"ಆ ನಿಯಮ ಇಲ್ಲ," ಎಂದಳು ಕೆರ್ಟು, ಭುಜದ ಹಿಂದಿನಿಂದ. "ಬೇಕಾದ್ರೆ ಇವತ್ತು ಸೇರಿಸಬಹುದು. ನಿನ್ನೆ ಬರೆದಿದ್ದಕ್ಕೆ ಅಂಟಲ್ಲ."

ಅಳಿಸಿದಳು. "ಊರಿನ ಸಾಮರಸ್ಯ ಕೆಡುತ್ತದೆ" ಎಂದು ಬರೆದಳು. ಓದಿ ನೋಡಿದಳು. ಈ ಮಾತನ್ನು ತಾನು ಹಿಂದೆಲ್ಲೋ, ಇಪ್ಪತ್ತರ ವಯಸ್ಸಿನಲ್ಲಿ, ಮಾಸ್ಕೋದ ಮೊಹರಿದ್ದ ಸುತ್ತೋಲೆಯಲ್ಲಿ ಓದಿದ್ದು ನೆನಪಾಯಿತು. ಅದನ್ನೂ ಅಳಿಸಿದಳು.

ಉಳಿದದ್ದು ಮೂರನೆಯ ನಿಯಮ. "ಈ ಬರಹದಲ್ಲಿರುವ ಆಪಾದನೆ" ಎಂದು ಬರೆದು ಬೆರಳು ನಿಲ್ಲಿಸಿದಳು.

ಕೆರ್ಟು ಮೆಲ್ಲಗೆ ಕೇಳಿದಳು, "ಸುಳ್ಳಾ ಅತ್ತೆ?"

ಉರ್ವೆ ಗೋಡೆಯ ಮೇಲಿನ ಹಾಳೆಯತ್ತ ನೋಡಿದಳು.

1994ರ ಸೆಪ್ಟೆಂಬರ್ ಹದಿನೈದು ಗುರುವಾರ. ಆಲೂಗಡ್ಡೆ ಅಗೆಯುವ ವಾರ. ಇಡೀ ಊರು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹೋಗಿ ಅಗೆಯುತ್ತಿತ್ತು. ಮಧ್ಯಾಹ್ನ ಹೊಲದ ಅಂಚಿನಲ್ಲಿ ಕಪ್ಪು ರೊಟ್ಟಿ, ಉಪ್ಪು ಮೀನು, ಹಂಡೆಯಲ್ಲಿ ಬೆಂದ ಹೊಸ ಆಲೂಗಡ್ಡೆ. ಆಕಾಶದಲ್ಲಿ ಕೊಕ್ಕರೆಗಳು ದಕ್ಷಿಣಕ್ಕೆ ಹೊರಟಿದ್ದವು. ಅವಳ ಬದುಕಿನಲ್ಲಿ ಅಷ್ಟು ಒಳ್ಳೆಯ ಶರತ್ಕಾಲ ಮತ್ತೆ ಬರಲಿಲ್ಲ. ರಷ್ಯದ ಸೈನಿಕರಲ್ಲಿ ಕೊನೆಯವರು ದೇಶ ಬಿಟ್ಟು ಎರಡು ವಾರವಾಗಿತ್ತು.

ಮೂರು ಗಂಟೆಗೆ ಲೆಂಬಿತ್ ಮಣ್ಣು ಮೆತ್ತಿದ ಕೈಯಲ್ಲೇ ಗ್ರಂಥಾಲಯಕ್ಕೆ ಬಂದ. ಜೆಟ್ಟಿಯನ್ನು ಮೀನುಗಾರರ ಸಂಘಕ್ಕೆ ಬಿಟ್ಟುಕೊಡಲು ಊರ ಸಭೆಯ ನಡಾವಳಿ ಬೇಕು; ನಾಳೆ ಮಧ್ಯಾಹ್ನದೊಳಗೆ ಪಟ್ಟಣದ ಕಚೇರಿ ಸೇರಬೇಕು.

"ಸಭೆ ಕರಿ," ಎಂದಿದ್ದಳು ಅವಳು.

"ಆಲೂಗಡ್ಡೆ ವಾರದಲ್ಲಿ ಸಭೆ ಕರೆದ್ರೆ ನನ್ನನ್ನೇ ಸಾಲಲ್ಲಿ ಹೂಳ್ತಾರೆ ಕಣೇ. ಹೊಲದಲ್ಲಿ ಕೇಳ್ದೆ. ಸರಿ ಬರ್ಕೋ ಅಂದ್ರು. ಬಗ್ಗಿದ ಬೆನ್ನು ಎತ್ತಲಿಲ್ಲ ಯಾರೂ. ಹಾಕು ಹನ್ನೊಂದು ಹೆಸರು."

ಹಾಕಿದಳು. ನಡೆಯದ ಸಭೆಗೆ ನಡಾವಳಿ ಬರೆಯುವುದು ಅವರಿಗೆ ಹೊಸತೇನಲ್ಲ. ಸಾಮೂಹಿಕ ಹೊಲದ ಕಾಲದಲ್ಲಿ ತಿಂಗಳಿಗೆ ಎರಡು ಬರೆದವರು. ಅದಕ್ಕೆ ಐದು ವರ್ಷ ಮೊದಲು ದೋಣಿ ಹತ್ತಿ, ಬಸ್ಸು ಹಿಡಿದು, ಮಾಸ್ಕೋದಿಂದ ಬಿಡುಗಡೆ ಕೇಳಿ ಲಕ್ಷಾಂತರ ಜನರ ಜೊತೆ ಹೆದ್ದಾರಿಯಲ್ಲಿ ಕೈಕೈ ಹಿಡಿದು ನಿಂತಿದ್ದರು. ಅವಳ ಎಡಕ್ಕೆ ಲೆಂಬಿತ್, ಬಲಕ್ಕೆ ವಾಲ್ದೆಕ್. ಬಂದದ್ದು ಸ್ವಾತಂತ್ರ್ಯ, ಕೈಯ ಅಭ್ಯಾಸ ಮಾತ್ರ ಹಳೆಯದು. ಯಾರಿಗೂ ಕೆಟ್ಟದ್ದು ಬಯಸಿರಲಿಲ್ಲ. ನಾಲ್ಕು ವರ್ಷದಲ್ಲಿ ಸಂಘ ಮುಚ್ಚಿತು, ಅದರ ಆಸ್ತಿ ಹರಾಜಾಯಿತು, ಜೆಟ್ಟಿ ತಾಲ್ಲಿನ್‌ನ ಒಂದು ಕಂಪನಿಗೆ ಹೋಯಿತು. ಕಳೆದ ವರ್ಷ ಅದಕ್ಕೆ ಬೇಲಿ ಬಿತ್ತು.

ಹನ್ನೊಂದು ಹೆಸರಲ್ಲಿ ಏಳನೆಯದು ವಾಲ್ದೆಕ್‌ನದು. ಆ ವಾರ ಅವನು ಹೊಲದಲ್ಲಿರಲಿಲ್ಲ. ಬೆನ್ನು ಹಿಡಿದುಕೊಂಡು ಸಮುದ್ರದಾಚೆ ಹಾಪ್ಸಲುವಿನ ಆಸ್ಪತ್ರೆಯಲ್ಲಿ ಮಲಗಿದ್ದ. ಅದು ಅವಳಿಗೆ ಹೊಳೆದದ್ದು ಕಾಗದ ಹೋದ ಮೇಲೆ.

ಊರಿನಲ್ಲಿ ಆಗ ಇದ್ದದ್ದು ಒಂದೇ ಟೈಪ್‌ರೈಟರ್, ಈ ಗ್ರಂಥಾಲಯದ್ದು. ಅದನ್ನು ಮುಟ್ಟುತ್ತಿದ್ದವಳು ಅವಳೊಬ್ಬಳೇ. ವಾಲ್ದೆಕ್‌ಗೆ ಅದು ಗೊತ್ತು. ಏಳು ಸಾಲಿನಲ್ಲಿ ಅವಳ ಹೆಸರು ಬರದಂತೆ ಅವನು ನೋಡಿಕೊಂಡಿದ್ದ.

ಉರ್ವೆ ಫಾರಂ ಮುಚ್ಚಿದಳು. "ಇದನ್ನ ವಾಪಸ್ ಹಾಕೋದು ಹೆಂಗೆ?" ಎಂದು ಕೇಳಿದಳು.

"ಇಲ್ಲಿ ಒತ್ತಿ."

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಒತ್ತಿದಳು. ಅದರ ಕೆಳಗೆ ತನ್ನದೊಂದು ಬರಹ ಸೇರಿಸಿದಳು: "ಆ ಕಾಗದವನ್ನು ಟೈಪ್ ಮಾಡಿದವಳು ನಾನು. ಹನ್ನೊಂದು ಹೆಸರಿನಲ್ಲಿ ನನ್ನದೂ ಇದೆ. ಸಭೆ ನಡೆಯಲಿಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಇವತ್ತು ಬೆಳಿಗ್ಗೆ ವಾಲ್ದೆಕ್‌ನ ಬರಹವನ್ನು ಎರಡೂವರೆ ತಾಸು ತೆಗೆದಿಟ್ಟಿದ್ದೆ. ಕಾರಣ ಇರಲಿಲ್ಲ. ಉರ್ವೆ ಪ್ರೂಲ್."

ಕೆರ್ಟು ಅದನ್ನು ಓದಿದಳು. ಕಿಟಕಿಯ ಬಳಿಯ ಗಿಡಕ್ಕೆ ನೀರು ಹಾಕಲು ಎದ್ದುಹೋದಳು. ಗಿಡಕ್ಕೆ ಬೆಳಿಗ್ಗೆಯೇ ನೀರು ಹಾಕಿಯಾಗಿತ್ತು.

ಮನೆ ಮುಟ್ಟುವ ಮೊದಲೇ ವಾಲ್ದೆಕ್‌ನ ಫೋನ್ ಬಂತು.

"ನಿನ್ನ ಹೆಸರು ನಾನು ಹಾಕಿರಲಿಲ್ಲವಲ್ಲೇ! ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೊಂಡೆ?"

"ಹೆಗಲ ಮೇಲೆ ಬೂದಿ ಇತ್ತು, ಮುಟ್ಕೊಂಡೆ."

"ಮೂವತ್ತು ವರ್ಷದ ಬೂದಿ."

"ಅಷ್ಟು ದಿನ ನೀನ್ಯಾಕೆ ಸುಮ್ನಿದ್ದೆ? ಲೆಂಬಿತ್ ಇದ್ದಾಗ ಅವನ ಮುಖಕ್ಕೇ ಹೇಳಬಹುದಿತ್ತು."

"ಹೇಳಬೇಕು ಅಂತ ನಾಲ್ಕು ಸಲ ನಿಮ್ಮ ಮನೆಗೆ ಬಂದೆ. ಅವನು ಅಷ್ಟು ಖುಷಿಯಿಂದ ಬಾಗಿಲು ತೆಗೀತಿದ್ದ, ಏನು ಮಾಡ್ಲಿ? ಆ ಕಾಲದಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಎಷ್ಟು ಚೆನ್ನಾಗಿದ್ವಿ ಉರ್ವೆ. ಅದನ್ನ ಯಾರು ಕೆಡಿಸ್ತಾರೆ?"

"ಈಗ ಕೆಡ್ತು."

"ಗೊತ್ತಿಲ್ಲ. ಭಾನುವಾರ ಸಭೆ ಸೇರಿಸೋಣ, ಆಗ ನೋಡೋಣ."

ಅಕ್ಟೋಬರ್ ಹದಿಮೂರು, ಭಾನುವಾರ ಮಧ್ಯಾಹ್ನ ಎರಡಕ್ಕೆ ಗ್ರಂಥಾಲಯದಲ್ಲಿ ಸಭೆ ಸೇರಿತು. ಅರವತ್ತೆಂಟು ಜನ ಬಂದರು. ಕುರ್ಚಿ ಸಾಲದೆ ಕೆಲವರು ಪುಸ್ತಕದ ಕಪಾಟುಗಳ ನಡುವೆ ನಿಂತರು. ಲೆಂಬಿತ್‌ನ ಹೆಸರು ಬಂದಾಗ ಇಬ್ಬರು ಬೈದರು, ಒಬ್ಬರು ಅತ್ತರು. ಮೂವರು ತಾವೂ ಹೊಲದಲ್ಲಿ "ಸರಿ ಬರ್ಕೋ" ಅಂದಿದ್ದೆವು ಎಂದರು. ಅಂಗಡಿಯ ಹೆಲ್ಯು ಉರ್ವೆಯ ಜೊತೆ ಮಾತು ಬಿಟ್ಟಳು. ಹನ್ನೊಂದು ಹೆಸರಿನವರಲ್ಲಿ ಬದುಕಿದ್ದ ಐದು ಜನ, ಸಭೆ ನಡೆಯಲಿಲ್ಲ ಎಂಬ ಹೇಳಿಕೆಗೆ ಸಹಿ ಹಾಕಿದರು. ಮೊದಲ ಸಹಿ ಉರ್ವೆಯದು, ಎರಡನೆಯದು ವಾಲ್ದೆಕ್‌ನದು.

ಇಪ್ಪತ್ತನಾಲ್ಕನೆಯ ತಾರೀಕು ದ್ವೀಪದ ಮಂಡಳಿ ದಂಡೆಯ ವಿಷಯವನ್ನು ಪಟ್ಟಿಯಿಂದ ಕೈಬಿಟ್ಟು, 1994ರ ಕಡತವನ್ನು ವಕೀಲರಿಗೆ ಕಳಿಸಿತು. ಕಂಪನಿ ತಕರಾರು ಸಲ್ಲಿಸಿತು. ನ್ಯಾಯಾಲಯದಲ್ಲಿ ವಿಚಾರಣೆ ಮಾರ್ಚ್ ಹನ್ನೊಂದಕ್ಕೆ ನಿಗದಿಯಾಯಿತು.