ತೋಳು ಕೂರಿಸಿದ್ದು ಯಾರು?

ಅಕ್ಕನ ಫೋನು ಬಂದಾಗ ಮಧ್ಯಾಹ್ನ ಮೂರು ಗಂಟೆ. ಹೊಲಿಗೆ ತರಬೇತಿ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದಳು.

"ಅಂಗಿಗೆ ತೋಳು ಕೂರಿಸೋದರ ಬಗ್ಗೆ ನಿಮ್ಮ ವಿಶ್ವಕೋಶದಲ್ಲಿ ಬರೆದಿದ್ದು ನಾನೇ ಅಂತ ಹೇಳ್ದೆ ಕಣೋ. ಅವರು ಫೋನಲ್ಲಿ ತೆಗೆದು ನೋಡಿದ್ರು. ಬರೀ ನಿನ್ನ ಹೆಸರಿದೆ. ನನ್ನದೆಲ್ಲಿ ಹೋಯ್ತು? ನಾಲ್ಕಕ್ಕೆ ಮತ್ತೆ ಕರೀತಾರೆ. ಸುಳ್ಳುಗಾತಿ ಅನ್ಕೊಂಡ್ರೆ ಕೆಲಸ ಹೋದ ಹಾಗೇ."

ನಮ್ಮದು ಕಸುಬುಗಳ ವಿಶ್ವಕೋಶ, ಬರೀ ಅಂತರ್ಜಾಲದಲ್ಲಿ. ಆರು ವರ್ಷದ ಹಿಂದೆ ಅಕ್ಕ ಬರೆದಳು, ನಾನು ತಿದ್ದಿದೆ, ಅಡಿಯಲ್ಲಿ ಇಬ್ಬರ ಹೆಸರೂ ಬಂತು. ಆಮೇಲೂ ತಿದ್ದುತ್ತಲೇ ಇದ್ದೆ. ಕೈ ಸುಮ್ಮನಿದ್ದರೆ ತಾನೆ! ಆದರೆ ಹೆಸರು ತೆಗೆದದ್ದು ನಾನಲ್ಲ.

ರೂಲುದೊಣ್ಣೆಯ ಮೇಜಿಗೆ ಓಡಿದೆ. ಮುಖ್ಯ ಸಂಪಾದಕಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಅದು.

"ಹೋದ ವಾರದ ಹೊಸ ನಿಯಮ ಓದಿಲ್ವೇನ್ರೀ? ಬರೆದವರ ಪದಗಳು ಹತ್ತರಲ್ಲಿ ಒಂದಾದ್ರೂ ಉಳಿದಿದ್ರೆ ಹೆಸರು ಇರುತ್ತೆ, ಇಲ್ದಿದ್ರೆ ಹೋಗುತ್ತೆ. ಎಣಿಸೋದು ಕಂಪ್ಯೂಟರ್ರು. ನಾವು ಸೇರಿಸೋ ಹಾಗಿಲ್ಲ. ಬೇಕಾದ್ರೆ ನಿಮ್ಮ ಹೆಸರನ್ನ ನೀವು ತೆಗೆದುಹಾಕ್ಬಹುದು, ಅಷ್ಟೇ."

ಹಳೆಯ ಪ್ರತಿ ತೆಗೆದೆ. ಅದನ್ನೇ ಮತ್ತೆ ಹಾಕೋಣವೆಂದರೆ ಪರಿಶೀಲನೆಗೆ ಎರಡು ದಿನ ಬೇಕು. 'ತೋಳಿನ ಬಟ್ಟೆ ಬೆರಳಗಲ ಹೆಚ್ಚು ಬಿಡಿ, ಇಲ್ಲದಿದ್ದರೆ ಭುಜ ಹಿಡಿಯುತ್ತೆ' ಎಂದು ಬರೆದಿದ್ದಳು ಅಕ್ಕ. ನಾನದನ್ನು 'ತೋಳಿನ ಸುತ್ತಳತೆಯು ಕಿಂಚಿತ್ ಅಧಿಕವಾಗಿರತಕ್ಕದ್ದು' ಮಾಡಿದ್ದೆ. ಸೂಜಿಗೆ ದಾರ ಪೋಣಿಸಲೂ ಬಾರದ ಪಂಡಿತ ನಾನು. ಪದವೆಲ್ಲ ನನ್ನದು, ತಿಳಿದದ್ದೆಲ್ಲ ಅವಳದು. ಹಾಗಾದರೆ ಬರೆದವರು ಯಾರು? ತಲೆಬುಡ ತಿಳಿಯಲಿಲ್ಲ. ನಾಚಿಕೆಯಂತೂ ಆಯಿತು.

ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ನನ್ನ ಹೆಸರು ಹೋದರೆ ಕಂಪ್ಯೂಟರಿಗೆ ಉಳಿಯುವುದು ಅಕ್ಕ ಒಬ್ಬಳೇ ಅಲ್ಲವೇ? ಎರಡನೇ ಸಲ ಯೋಚಿಸದೆ 'ಹೆಸರು ಹಿಂಪಡೆಯಿರಿ' ಒತ್ತಿದೆ. ಖಚಿತವೇ ಎಂದು ಕೇಳಿತು. ಹೌದಪ್ಪಾ ಹೌದು ಎಂದು ಮತ್ತೆ ಒತ್ತಿದೆ.

ಪುಟ ಬಿಳಿಚಿಕೊಂಡಿತು. ಮಧ್ಯದಲ್ಲಿ ಒಂದೇ ಸಾಲು: 'ಲೇಖಕರಿಲ್ಲದ ಕಾರಣ ಈ ಲೇಖನವನ್ನು ತೆಗೆಯಲಾಗಿದೆ.'

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ರೂಲುದೊಣ್ಣೆ ಮೀಟಿಂಗಿಗೆ ಎದ್ದು ಹೋಗಿದ್ದಳು.

ನಾಲ್ಕೂ ಕಾಲಿಗೆ ಅಕ್ಕ ಫೋನು ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಳಗೆ ಹೋಗೋಕೆ ಮುಂಚೆ ಒಂದು ಮಾತು ಯೋಚಿಸಿಟ್ಕೊಂಡಿದ್ದೆ ಕಣೋ," ಎಂದಳು. "ಅಲ್ಲಿರೋ ಹೆಸರು ನನ್ನ ತಮ್ಮಂದು, ಅವನಿಗೆ ಹೇಳ್ಕೊಟ್ಟಿದ್ದು ನಾನೇ, ಬೇಕಾದ್ರೆ ಅವನನ್ನೇ ಕೇಳಿ ಅನ್ನೋಣ ಅಂತ. ಅವರು ಮತ್ತೆ ಪುಟ ತೆರೆದು ನೋಡಿದ್ರು. ನೀನೂ ಇರ್ಲಿಲ್ಲ."