ಸದ್ದು ಮಾಡದ ಬೆಲ್ಟು

ದರ್ಜಿ ಅಂಗಿಯ ಕಾಲರಿಗೆ ಹೊಲಿಗೆ ಹಾಕುತ್ತಿದ್ದ. ಹೆಂಡತಿ ಬಂದು ಅಂಗಡಿಯ ಬಾಗಿಲಲ್ಲೇ ನಿಂತಳು. ಮತ್ತೆ ಕಾರಿನ ವಿಷಯವೇ ಎಂದು ಅವಳ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಆವತ್ತಿಂದ ಹೇಳ್ತಿದೀನಲ್ಲ, ಎಂಜಿನ್ ಒಳಗಿನ ಟೈಮಿಂಗ್ ಬೆಲ್ಟು, ಅದನ್ನ ಬದಲಾಯಿಸಲೇಬೇಕಂತೆ. ಹಳೇ ಗಾಡಿ, ಅದರ ಆಯಸ್ಸು ಯಾವತ್ತೋ ಮುಗಿದಿದೆ ಅಂದ್ರು ಮೆಕ್ಯಾನಿಕ್ಕು. ಹಾಕಿಬಿಡಿ ಅಂದೆ. 'ಯಜಮಾನರನ್ನ ಒಂದ್ಮಾತು ಕೇಳ್ಕೊಂಡು ಬನ್ನಿ ಮೇಡಂ' ಅಂತ ವಾಪಸ್ ಕಳಿಸಿದ್ರು."

"ಏನಾದ್ರೂ ಸದ್ದು ಮಾಡ್ತಿದ್ಯಾ?"

"ಇಲ್ಲ."

"ಮತ್ತೆ?" ಅವನು ಹೊಲಿಗೆ ಯಂತ್ರದ ಬೆಲ್ಟಿನ ಮೇಲೆ ಕೈಯಿಟ್ಟ. "ಮೀಸೆ ಮೂಡಿದಾಗಿನಿಂದ ಬೆಲ್ಟಿನ ಜೊತೆ ಸಂಸಾರ ಮಾಡಿದೀನಿ. ಸವೆದ್ರೆ ಮೊದಲು ಜಾರುತ್ತೆ, ಕಿರುಗುಟ್ಟುತ್ತೆ, ಹರಿಯೋದು ಆಮೇಲೆ ತಾನೇ? ಹೇಳದೆ ಕೇಳದೆ ಯಾವ ಬೆಲ್ಟೂ ಹೋಗಲ್ಲ. ಅವರು ಟೋಪಿ ಹಾಕ್ತಾರೆ, ನೀನು ಹಾಕಿಸ್ಕೊಂಡು ಬರ್ತೀಯ."

"ಅದು ಹಲ್ಲಿರೋ ಬೆಲ್ಟು ರೀ. ಜಾರಲ್ಲ. ಒಂದೇ ಸಲ ಹರಿಯುತ್ತೆ."

ಬೆಲ್ಟಿನ ವಿಷಯದಲ್ಲಿ ಅವನಿಗೇ ಪಾಠ! ದರ್ಜಿ ಜೋರಾಗಿ ಪೆಡಲ್ ತುಳಿದ. ಅವನ ತಾಯಿಯನ್ನು ವಾರ ವಾರವೂ ಡಯಾಲಿಸಿಸ್‌ಗೆ ಕರೆದೊಯ್ಯುವವಳು ಅವಳು. ಗಾಡಿ ಕೆಟ್ಟು ನಿಂತರೆ ಬಿಸಿಲಲ್ಲಿ ಕಾಯುವವಳೂ ಅವಳೇ. ಕಾರಿನ ತೀರ್ಮಾನ ಮಾತ್ರ ಅವನದು. ಇದು ಯಾವ ಸೀಮೆಯ ನ್ಯಾಯವೋ, ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಹಾಗಾದ್ರೆ ನಾಳೆ ಅತ್ತೇನ ನೀವೇ ಕರ್ಕೊಂಡು ಹೋಗಿ. ನಾನು ಪಕ್ಕದಲ್ಲಿ ಕೂತಿರ್ತೀನಿ," ಎಂದು ಹೇಳಿ ಅವಳು ಹೊರಟುಹೋದಳು.

ಅವನು ಸ್ಟೀರಿಂಗ್ ಹಿಡಿದು ಎಷ್ಟೋ ಕಾಲವಾಗಿತ್ತು. ಮರುದಿನ ಬೀದಿಯ ತಿರುವು ದಾಟುವುದರೊಳಗೆ ಬೆವರಿದ. ರೇಡಿಯೋ ನಿಲ್ಲಿಸಿದ, ಕಿಟಕಿ ಏರಿಸಿದ, ಮತ್ತೆ ಇಳಿಸಿದ. ಮೈಯೆಲ್ಲ ಕಿವಿಯಾಗಿ ಎಂಜಿನ್ ಆಲಿಸಿದ. ಕಿರುಗುಟ್ಟುವುದಿಲ್ಲ, ಗೊಣಗುವುದಿಲ್ಲ, ಏನೂ ಇಲ್ಲ. ಈಗ ಅದೇ ಅವನಿಗೆ ಹೆದರಿಕೆ ಹುಟ್ಟಿಸತೊಡಗಿತು.

"ಯಾಕೋ ಹಿಂಗೆ ಒದ್ದಾಡ್ತೀಯ? ಅವಳು ಓಡಿಸಿದ್ರೆ ನಾನು ಹಾಯಾಗಿ ನಿದ್ದೆ ಮಾಡ್ತೀನಪ್ಪ," ಎಂದಳು ಹಿಂದಿನ ಸೀಟಿನಿಂದ ತಾಯಿ.

ಉದ್ದನೆಯ ಸೇತುವೆ ಬಂತು. ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಬೆನ್ನಿಗಂಟಿಕೊಂಡ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

"ಈಗ ಹರಿದ್ರೆ?" ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದ.

"ಎಂಜಿನ್ ನಿಂತುಹೋಗುತ್ತೆ. ಸ್ಟೀರಿಂಗು, ಬ್ರೇಕು ಎರಡೂ ಬಿಗಿಯಾಗುತ್ತೆ."

"ಪ್ರತಿ ಸಲಾನೂ ಇದನ್ನೇ ಯೋಚಿಸ್ತಾ ಓಡಿಸ್ತಿದ್ಯಾ?"

"ಇಲ್ಲ, ಸೇತುವೆ ಮೇಲೆ ಮಾತ್ರ. ಅಷ್ಟೊತ್ತಿಗೆ ಅತ್ತೆಗೆ ನಿದ್ದೆ ಬಂದಿರುತ್ತೆ, ಅದೇ ಪುಣ್ಯ."

ಅವನಿಗೆ ನಾಚಿಕೆಯಾಯಿತು. ಸೇತುವೆ ಇಳಿದದ್ದೇ ಆಸ್ಪತ್ರೆಯ ದಾರಿ ಬಿಟ್ಟು ಗ್ಯಾರೇಜಿನತ್ತ ತಿರುಗಿಸಿದ.

"ಬೆಲ್ಟ್ ಹಾಕಿಬಿಡಿ. ಜೊತೆಗೆ ವಾಟರ್ ಪಂಪೂ ನೋಡಿ," ಎಂದು ಹೆಂಡತಿ ಕೀಲಿ ಚಾಚಿದಳು. ಮೆಕ್ಯಾನಿಕ್ ಅದನ್ನು ತೆಗೆದುಕೊಳ್ಳದೆ ದರ್ಜಿಯ ಕಡೆ ತಿರುಗಿದ.

"ಏನ್ ಸರ್, ಮಾಡೋಣ್ವಾ?"

ದರ್ಜಿ ಆಸ್ಪತ್ರೆಗೆ ಹೊರಡಲು ಬಾಡಿಗೆ ಕಾರೊಂದನ್ನು ನಿಲ್ಲಿಸಿ, ತಾಯಿಯ ಕೈ ಹಿಡಿದು ಹತ್ತಿಸುತ್ತಿದ್ದ.

"ಅವಳು ಹೇಳಿದ್ದು ಕೇಳಿಸಲಿಲ್ವಾ? ನನ್ನ ಮುಖ ಯಾಕೆ ನೋಡ್ತೀರಿ?"

ಮೆಕ್ಯಾನಿಕ್ ಕೈ ಒರೆಸಿಕೊಂಡು ಕೀಲಿ ತೆಗೆದುಕೊಂಡ. ಪಂಪಿನಲ್ಲಿ ಏನು ತೊಂದರೆ ಕಾಣಿಸಿತು ಎಂದು ಅವಳನ್ನೇ ಕೇಳಿದ.