ಕೇಳದೆ ನಡೆದ ದಾರಿ

ಶವಪೆಟ್ಟಿಗೆ ಹೊತ್ತ ಆರು ಮಂದಿ ಹುಲ್ಲುಗಾವಲಿನ ಗೇಟಿನ ಮುಂದೆ ನಿಂತುಬಿಟ್ಟರು. ಹುಲ್ಲುಗಾವಲು ಹ್ಯಾಲಂನದು. ಅವನೇ ಬಂದು ಗೇಟನ್ನು ಅಗಲವಾಗಿ ತೆರೆದು ಹಿಡಿದಿದ್ದ. ಒಳಗಿನ ಕಾಲುದಾರಿ ಹಿಡಿದರೆ ಚರ್ಚು ಮುನ್ನೂರು ಹೆಜ್ಜೆ. ರಸ್ತೆಯಲ್ಲಿ ಸುತ್ತಿದರೆ ಒಂದು ಮೈಲಿ, ಅದೂ ಏರು.

“ಇವತ್ತು ಹೀಗೇ ಹೋಗಿ ಡೆಸ್ಮಂಡ್. ನನ್ನ ಒಪ್ಪಿಗೆ ಇದೆ,” ಎನ್ನುತ್ತ ಹ್ಯಾಲಂ ಕೋಟಿನ ಜೇಬಿನಿಂದ ಕಾಗದವೊಂದನ್ನು ತೆಗೆದ. ಒಪ್ಪಿಗೆಯನ್ನು ಟೈಪು ಮಾಡಿಸಿಯೇ ತಂದಿದ್ದ.

ಡೆಸ್ಮಂಡ್ ಪೆಟ್ಟಿಗೆಯ ಹಿಂದೆ ಕೋಲೂರಿ ನಿಂತಿದ್ದರು. ಪೆಟ್ಟಿಗೆಯಲ್ಲಿ ಅವರ ಹೆಂಡತಿ ವಿನಿಫ್ರೆಡ್ ಲಾಮ್, ಮೂವತ್ತೆಂಟು ವರ್ಷ ಬ್ಯಾರಿಸ್ಟರ್ ಆಗಿದ್ದವರು. ಅಷ್ಟೂ ವರ್ಷ ಆಕೆಗೆ ಕೇಸು ಹಂಚಿದ ಗುಮಾಸ್ತ ಟೆರಿ ಬೆಳಗಿನ ರೈಲಿಗೆ ಲಂಡನ್ನಿನಿಂದ ಬಂದಿದ್ದ.

“ಮಿಸ್ ಲಾಮ್ ಇದ್ದಿದ್ರೆ ಆ ಕಾಗದ ಮುಟ್ತಾನೂ ಇರ್ಲಿಲ್ಲ,” ಎಂದು ಟೆರಿ ಕೋರ್ಟಿನ ಹೆಸರು ಹಿಡಿದೇ ಗೊಣಗಿದ.

“ಗೊತ್ತಪ್ಪ. ಬರೋ ತಿಂಗಳಿಗೆ ಇಪ್ಪತ್ತು ವರ್ಷ ತುಂಬುತ್ತೆ,” ಎಂದರು ಡೆಸ್ಮಂಡ್.

ಕದ್ದು ನುಸುಳದೆ, ಬೇಲಿ ಮುರಿಯದೆ, ಯಾರ ಅಪ್ಪಣೆಯನ್ನೂ ಕೇಳದೆ ಜನ ಇಪ್ಪತ್ತು ವರ್ಷ ನಡೆದರೆ ದಾರಿ ಊರಿನದಾಗುತ್ತದೆ. ನಡುವೆ ಮಾಲೀಕನ ಅಪ್ಪಣೆ ಪಡೆದರೋ, ನಡೆದದ್ದೆಲ್ಲ ಅವನ ದಯೆ, ದಾರಿ ಅವನದೇ. ಊರಿಗೆ ಇದನ್ನು ಹೇಳಿಕೊಟ್ಟವರೇ ವಿನಿಫ್ರೆಡ್. ಮನೆ ಕಟ್ಟುವ ಕಂಪನಿಯವರು ಹ್ಯಾಲಂನ ಹುಲ್ಲುಗಾವಲನ್ನು ಆಗಲೇ ಎರಡು ಸಲ ಅಳೆದು ಹೋಗಿದ್ದರು.

*

ವಿನಿಫ್ರೆಡ್ ಹತ್ತಿರ ಕೊಲೆ, ವಿಚ್ಛೇದನದ ಕೇಸು ಬರುತ್ತಿರಲಿಲ್ಲ. ಆಸ್ಪತ್ರೆಯ ಊಟದ ಟೆಂಡರು ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಏಕೆ ಹೋಯಿತು, ಕೌನ್ಸಿಲ್ಲು ಜನರನ್ನು ಕೇಳದೆ ಗ್ರಂಥಾಲಯ ಮುಚ್ಚಬಹುದೇ, ಇಂಥವೇ. ಸಾಲಿನಲ್ಲಿ ನಿಂತ ಟ್ಯಾಕ್ಸಿಯ ಹಾಗೆ, ಬಂದವರನ್ನು ಹತ್ತಿಸಿಕೊಳ್ಳಬೇಕು; ಮುಖ ನೋಡಿ ಆರಿಸುವಂತಿಲ್ಲ. ಅದು ಆ ವೃತ್ತಿಯ ಕಟ್ಟಳೆ.

ಇಪ್ಪತ್ತೊಂದು ವರ್ಷದ ಹಿಂದೆ ಹಾಗೆ ಹತ್ತಿದವನು ಬೇರೊಂದು ಊರಿನ ಹೊಲದ ಮಾಲೀಕ. ಹೊಲದೊಳಗಿನ ಕಾಲುದಾರಿ ತಮ್ಮದೆಂದು ಊರಿನವರ ವಾದ. ವಿಚಾರಣೆ ಪುರಭವನದಲ್ಲಿ ನಡೆಯಿತು. ಊರಿನ ಪರವಾಗಿ ಸಾಕ್ಷಿ ಹೇಳಲು ಎಡ್ನಾ ಪಿಕರ್ಸ್‌ಗಿಲ್ ಎಂಬ ಮುದುಕಿ ಟೋಪಿ ಹಾಕಿಕೊಂಡು ಬಂದಿದ್ದರು. ನಲವತ್ತು ವರ್ಷ ಆ ಹೊಲ ದಾಟಿದವರು.

“ಯಾವತ್ತಾದ್ರೂ ಮಾಲೀಕರನ್ನ ಕೇಳಿದ್ರಾ?” ವಿನಿಫ್ರೆಡ್ ಮೆತ್ತಗೆ ಕೇಳಿದರು.

“ಕೇಳದೆ ಹೋಗೋಕೆ ನಾವೇನು ಅಷ್ಟು ಒರಟರಾ ತಾಯಿ? ವರ್ಷ ವರ್ಷ ಕೇಳ್ತಿದ್ದೆ. ಅವರು ಹೂಂ ಅಂದ್ಮೇಲೆ ಕ್ರಿಸ್‌ಮಸ್‌ಗೆ ಥ್ಯಾಂಕ್ಸ್ ಕಾರ್ಡೂ ಕಳಿಸ್ತಿದ್ದೆ.”

ಊರಿನ ಕೇಸು ಅಲ್ಲಿಗೇ ಮುಗಿಯಿತು. ಎಡ್ನಾಗೆ ಅದು ತಿಳಿಯಲಿಲ್ಲ. ಇಳಿದು ಹೋಗುವಾಗ ವಿನಿಫ್ರೆಡ್‌ಗೂ ಥ್ಯಾಂಕ್ಸ್ ಹೇಳಿದರು. ಹೊಲದಲ್ಲಿ ಅರವತ್ತನಾಲ್ಕು ಮನೆ ಎದ್ದವು.

ಆ ಸಂಜೆ ವಿನಿಫ್ರೆಡ್ ಗಂಡನಿಗೆ, “ಗೆದ್ದೆ,” ಎಂದಷ್ಟೇ ಹೇಳಿ ಆಲೂಗಡ್ಡೆ ಸುಲಿಯಲು ಕೂತರು. ಇಬ್ಬರಿಗೆ ಬೇಕಾದ್ದಕ್ಕಿಂತ ತುಂಬ ಸುಲಿದರು. ಮಾರನೆಯ ವರ್ಷ ಈ ಊರಿಗೆ ಮನೆ ಬದಲಾಯಿಸಿದ ಮೇಲೆ, ಮಳೆಯಿರಲಿ ಹಿಮವಿರಲಿ, ದಿನಾ ಬೆಳಿಗ್ಗೆ ಹ್ಯಾಲಂನ ಹುಲ್ಲುಗಾವಲು ದಾಟತೊಡಗಿದರು.

*

“ಅಲ್ಲ, ನಾನು ಎಷ್ಟು ಸಲ ಗೇಟು ಹಿಡಿದಿಲ್ಲ? ಒಂದು ದಿನ ಥ್ಯಾಂಕ್ಸ್ ಅಂದೋರಲ್ಲ ನಿಮ್ಮ ಮನೆಯವರು,” ಎಂದ ಹ್ಯಾಲಂ. ದನಿಯಲ್ಲಿ ನಿಜವಾದ ನೋವಿತ್ತು. “ಪಕ್ಕದ ಮೆಟ್ಟಿಲು ಹತ್ತಿ ಬೇಲಿ ದಾಟೋರು. ಇವತ್ತಾದ್ರೂ ಸಲೀಸಾಗಿ ಹೋಗ್ಲಿ ಬಿಡಿ.”

ಡೆಸ್ಮಂಡರ ಬಾಯಿಗೆ ಥ್ಯಾಂಕ್ಸ್ ಎಂಬ ಅಭ್ಯಾಸದ ಮಾತು ಬಂದೇಬಿಟ್ಟಿತ್ತು. ತುಟಿ ಕಚ್ಚಿಕೊಂಡರು. ಕೋಲೆತ್ತಿ ರಸ್ತೆಯ ಕಡೆ ತೋರಿಸಿದರು.

“ಮೈಲಿ ದೂರ ಸರ್,” ಎಂದ ಟೆರಿ. “ನಿಮ್ಮ ಮಂಡಿ?”

“ನಿಧಾನಕ್ಕೆ ಹೋಗೋಣ. ಅವಳಿಗೇನು ಇವತ್ತು ಅರ್ಜೆಂಟಿಲ್ಲ.”

ಆರು ಮಂದಿ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿದರು. ತಿರುವಿನಲ್ಲಿ ಡೆಸ್ಮಂಡ್ ಉಸಿರಿಗಾಗಿ ನಿಂತು ಹಿಂದೆ ನೋಡಿದರು. ಹ್ಯಾಲಂ ಇನ್ನೂ ಗೇಟು ಹಿಡಿದೇ ಇದ್ದ. ಚರ್ಚಿಗೆ ತಡವಾಗಿ ಹೊರಟ ಪಕ್ಕದ ಮನೆಯಾಕೆ, ಕಪ್ಪು ಕೋಟು ತೊಟ್ಟು, ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು, ತೆರೆದ ಗೇಟಿನ ಪಕ್ಕದಲ್ಲೇ ಮೆಟ್ಟಿಲು ಹತ್ತಿ, ಯಾರ ಮುಖವನ್ನೂ ನೋಡದೆ ಆಚೆಗೆ ಇಳಿಯುತ್ತಿದ್ದಳು.